ಸ್ಕ್ಯಾನ್ ಮಾಡೋರು ಯಾರು? ಆಸ್ಪತ್ರೆಗೆ ಬಂದ ಕ್ಯೂಆರ್ ಕೋಡಿನ ಕಥೆ

ಭಾಗ 1/9

ಈ ಸಲದ ಇತಿಹಾಸ ಸರಣಿಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ನೀವು ದಿನಕ್ಕೆ ನಾಲ್ಕೈದು ಸಲ ಫೋನ್ ಹಿಡಿಯೋ ಆ ಕಪ್ಪು ಬಿಳುಪು ಚೌಕದ ಕಥೆ ಇದು. ಕ್ಯೂಆರ್ ಕೋಡ್.

ಟೀ ಅಂಗಡಿ, ಬೇಕರಿ, ಆಟೋ, ಕಾಲೇಜ್ ಫೆಸ್ಟ್ ಪೋಸ್ಟರ್, ಎಲ್ಲ ಕಡೆ ನೋಡಿದ್ದೀರಿ. ಕಳೆದ ಕೆಲವು ವರ್ಷಗಳಲ್ಲಿ ಅದು ಇನ್ನೆರಡು ಜಾಗಕ್ಕೂ ಬಂದಿದೆ. ಒಂದು, ಸರ್ಕಾರಿ ಆಸ್ಪತ್ರೆಯ ಓಪಿಡಿ ಕೌಂಟರ್ ಪಕ್ಕದ ಗೋಡೆ. ಇನ್ನೊಂದು, ನಿಮ್ಮ ಮನೆಯ ಔಷಧಿ ಡಬ್ಬದಲ್ಲಿರೋ ಮಾತ್ರೆ ಸ್ಟ್ರಿಪ್. ಅಲ್ಲಿಗೆ ಹೇಗೆ ಬಂತು, ಯಾಕೆ ಬಂತು ಅಂತ ಹುಡುಕ್ತಾ ಹೋದ್ರೆ ಎಪ್ಪತ್ತು ವರ್ಷದ ಕಥೆ ಸಿಗುತ್ತೆ.

ನಾನು ಓದ್ತಿರೋದು ಬಿಕಾಂ. ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ತಲೆಗೆ ತುಂಬೋ ಪಾಠ ಒಂದೇ: ಪ್ರತಿ ವ್ಯವಹಾರಕ್ಕೂ ಎರಡು ಮಗ್ಗುಲು. ಕೊಡೋರು ಒಬ್ರು, ತಗೊಳ್ಳೋರು ಒಬ್ರು. ಕ್ಯೂಆರ್ ಕೋಡಿಗೂ ಇದೇ ಲೆಕ್ಕ. ಒಬ್ರು ಸ್ಕ್ಯಾನ್ ಮಾಡ್ತಾರೆ, ಇನ್ನೊಬ್ಬರ ಮಾಹಿತಿ ಹೋಗುತ್ತೆ ಅಥವಾ ಬರುತ್ತೆ. ಟೀ ಅಂಗಡಿಯಲ್ಲಿ ಎಡವಟ್ಟಾದ್ರೆ ಹೋಗೋದು ಹತ್ತು ಹದಿನೈದು ರೂಪಾಯಿ. ಆಸ್ಪತ್ರೆಯಲ್ಲಿ ಆ ಕಡೆ ಈ ಕಡೆ ಓಡಾಡೋದು ನಮ್ಮ ಕಾಯಿಲೆ, ನಮ್ಮ ಮಾತ್ರೆ, ನಮ್ಮ ಹೆಸರು.

ಅದಕ್ಕೇ ಈ ಒಂಬತ್ತು ಭಾಗ ಓದುವಾಗ ಒಂದೇ ಪ್ರಶ್ನೆ ಜೊತೆಗಿಟ್ಟುಕೊಳ್ಳಿ: ಇಲ್ಲಿ ಸ್ಕ್ಯಾನ್ ಮಾಡ್ತಿರೋದು ಯಾರು, ಅದರಿಂದ ಉಪಯೋಗ ಆಗ್ತಿರೋದು ಯಾರಿಗೆ?

ಭಾಗ 2/9: ಕೋಡಿಗಿಂತ ಮುಂಚೆ ಒಂದು ಬಳೆ

ಆಸ್ಪತ್ರೆಯ ಹಳೇ ಕಷ್ಟ ಏನು ಗೊತ್ತಾ? ರೋಗಿ ಎದುರಿಗೇ ಇರ್ತಾರೆ, ಆದ್ರೆ ಅವರ ಹಿಂದಿನ ಕಥೆ ಎದುರಿಗೆ ಇರಲ್ಲ. ನಮ್ಮಲ್ಲಿ ಇವತ್ತಿಗೂ ಹಿರಿಯರು ಪ್ಲಾಸ್ಟಿಕ್ ಕವರಲ್ಲಿ ಹಳೇ ಚೀಟಿ, ಎಕ್ಸ್‌ರೇ, ರಕ್ತ ಪರೀಕ್ಷೆ ರಿಪೋರ್ಟ್ ಎಲ್ಲ ತುಂಬಿಕೊಂಡು ಹೋಗೋದು ಅದಕ್ಕೇ. ಆ ಕವರ್ ಮನೇಲಿ ಬಿಟ್ಟು ಹೋದ ದಿನ? ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಂಬುಲೆನ್ಸಲ್ಲಿ ಹೋದ್ರೆ?

1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಲ್ಲಿ ಒಂದು ಘಟನೆ ನಡೀತು. ವೈದ್ಯ ಮ್ಯಾರಿಯನ್ ಕಾಲಿನ್ಸ್ ಅವರ ಮಗಳು ಬೆರಳು ಕೊಯ್ದುಕೊಂಡಳು. ಧನುರ್ವಾಯು ಆಗಬಾರದು ಅಂತ ಔಷಧಿ ಕೊಡಬೇಕಿತ್ತು. ಕೊಡೋ ಮೊದಲು ಒಗ್ಗುತ್ತಾ ಇಲ್ವಾ ಅಂತ ನೋಡೋಕೆ ಒಂದು ಚಿಕ್ಕ ಪರೀಕ್ಷೆ ಮಾಡಿದ್ರು. ಅಷ್ಟಕ್ಕೇ ಅಲರ್ಜಿಯಾಗಿ ಹುಡುಗಿ ಸಾವಿನ ದವಡೆಗೆ ಹೋಗಿ ವಾಪಸ್ ಬಂದಳು.

ಆಮೇಲೆ ತಂದೆ ತಾಯಿಗೆ ಒಂದೇ ಚಿಂತೆ. ನಾವಿಲ್ಲದ ಊರಲ್ಲಿ ಇವಳಿಗೆ ಮತ್ತೆ ಏನಾದ್ರೂ ಆದ್ರೆ ಅಲ್ಲಿನ ಡಾಕ್ಟರಿಗೆ ಹೇಳೋರು ಯಾರು? ಆ ಚಿಂತೆಯಿಂದ ಹುಟ್ಟಿದ್ದು ಕೈಗೆ ಹಾಕೋ ಲೋಹದ ಬಳೆ. ಅದರ ಮೇಲೆ ಅಲರ್ಜಿಯ ವಿವರ ಕೆತ್ತಿರುತ್ತೆ. 1956ರಲ್ಲಿ ಇದೇ ಮೆಡಿಕ್‌ಅಲರ್ಟ್ ಎಂಬ ಸಂಸ್ಥೆಯಾಯ್ತು. ಸಂಸ್ಥೆಯ ಬಳೆಯಲ್ಲಿ ವಿವರದ ಜೊತೆಗೆ ಸದಸ್ಯರ ಸಂಖ್ಯೆ ಮತ್ತು ಒಂದು ಫೋನ್ ನಂಬರ್. ಜಾಸ್ತಿ ವಿವರ ಬೇಕಾದ ಡಾಕ್ಟರ್ ಆ ನಂಬರಿಗೆ ಕರೆ ಮಾಡಿ ಕೇಳಬಹುದು.

ಇಲ್ಲಿ ಎರಡು ಉಪಾಯ ಇದೆ, ಗಮನಿಸಿ. ತುಂಬಾ ಮುಖ್ಯವಾದ ಮಾಹಿತಿ ಬಳೆಯ ಮೇಲೇ ಇದೆ. ಉಳಿದದ್ದು ಬೇರೆ ಕಡೆ ಇದೆ, ಅದನ್ನು ಹುಡುಕೋ ನಂಬರ್ ಮಾತ್ರ ಬಳೆ ಮೇಲಿದೆ. ಪಾಸ್‌ಬುಕ್ಕಿಗೂ ಅಕೌಂಟ್ ನಂಬರಿಗೂ ಇರೋ ವ್ಯತ್ಯಾಸ ಇದೇ ತಾನೇ? ಇವತ್ತಿನ ಆರೋಗ್ಯದ ಕ್ಯೂಆರ್ ಕೋಡುಗಳೂ ಈ ಎರಡು ಜಾತಿಯವೇ.

ಭಾಗ 3/9: ಚ್ಯೂಯಿಂಗ್ ಗಮ್ ಇಂದ ನರ್ಸ್ ಕೈವರೆಗೆ

ಕ್ಯೂಆರ್ ಕೋಡಿಗೆ ಒಬ್ಬ ಅಣ್ಣ ಇದ್ದಾನೆ, ಬಾರ್‌ಕೋಡ್. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅನ್ನೋ ಇಬ್ಬರಿಗೆ 1952ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಆದ್ರೆ ಅಂಗಡಿಗೆ ಬರೋಕೆ ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯ್ತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಪ್ಯಾಕ್ ರಿಗ್ಲೀಸ್ ಚ್ಯೂಯಿಂಗ್ ಗಮ್ ಸ್ಕ್ಯಾನ್ ಆಯ್ತು. ಇವತ್ತು ನಾವು ಅಂಗಡಿಗಳಲ್ಲಿ ನೋಡೋ ಬಾರ್‌ಕೋಡ್ ಬಿಲ್ಲಿಂಗ್‌ನ ಶುರು ಅದು.

ಅಂಗಡಿಯಿಂದ ಆಸ್ಪತ್ರೆಗೆ ತಂದಿದ್ದು ಯಾವ ದೊಡ್ಡ ವಿಜ್ಞಾನಿಯೂ ಅಲ್ಲ, ಒಬ್ಬ ನರ್ಸ್. ಹೆಸರು ಸ್ಯೂ ಕಿನ್ನಿಕ್. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ಅವರ ಕೆಲಸ. 1992ರಲ್ಲಿ ಬಾಡಿಗೆ ಕಾರು ವಾಪಸ್ ಕೊಡುವಾಗ ಅವರೊಂದು ವಿಷಯ ಗಮನಿಸಿದ್ರು. ಅಲ್ಲಿನ ಸಿಬ್ಬಂದಿ ಕೈಯಲ್ಲೊಂದು ಚಿಕ್ಕ ಯಂತ್ರ ಹಿಡಿದು ಕಾರಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಕ್ಷಣದಲ್ಲಿ ಲೆಕ್ಕ ಮುಗಿಸ್ತಿದ್ರು. ಕಾರಿಗೆ ಇದು ಆಗುತ್ತೆ ಅಂದ್ರೆ ರೋಗಿಗೆ ಕೊಡೋ ಮಾತ್ರೆಗೆ ಯಾಕೆ ಆಗಲ್ಲ?

ನರ್ಸಿಂಗ್ ಓದೋ ಫ್ರೆಂಡ್ಸ್ ಇದ್ರೆ ಕೇಳಿ ನೋಡಿ, ಐದು ‘ಸರಿ’ಗಳು ಅಂತ ಅವರಿಗೆ ಪಾಠ ಇರುತ್ತೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ರಾತ್ರಿ ಪಾಳಿಯಲ್ಲಿ ಒಂದು ವಾರ್ಡ್ ಪೂರ್ತಿ ನೋಡಿಕೊಳ್ಳೋ ನರ್ಸಿಗೆ ಈ ಐದನ್ನೂ ಪ್ರತಿ ಸಲ ನೆನಪಲ್ಲೇ ಸರಿಮಾಡೋದು ಎಷ್ಟು ಕಷ್ಟ ಯೋಚಿಸಿ.

ಟೊಪೀಕಾದಲ್ಲಿ ವ್ಯವಸ್ಥೆ ಕಟ್ಟಿದ್ರು. ರೋಗಿಯ ಕೈಪಟ್ಟಿ ಮೇಲೆ ಒಂದು ಬಾರ್‌ಕೋಡ್, ಔಷಧಿ ಮೇಲೆ ಒಂದು. ಎರಡನ್ನೂ ಸ್ಕ್ಯಾನ್ ಮಾಡಿದಾಗ ಡಾಕ್ಟರ್ ಬರೆದ ಆರ್ಡರಿಗೆ ತಾಳೆ ಆಗದಿದ್ರೆ ಕಂಪ್ಯೂಟರ್ ಎಚ್ಚರಿಸುತ್ತೆ. ಮುಂದೆ ಇದು ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ಹರಡಿತು.

ಭಾಗ 4/9: ಕೆಲಸ ಮಾಡ್ತಾ? ಲೆಕ್ಕ ನೋಡೋಣ

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ಆಸ್ಪತ್ರೆಗಳಲ್ಲಿ ಆಗೋ ತಪ್ಪುಗಳಿಂದ ಆ ದೇಶದಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯ್ತಿರಬಹುದು ಅನ್ನೋ ಅಂದಾಜು ಅದರಲ್ಲಿತ್ತು. ದೇಶವೇ ಬೆಚ್ಚಿಬಿತ್ತು. 2004ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಸ್ಪತ್ರೆಗಳಲ್ಲಿ ಬಳಸೋ ಔಷಧಿಗಳ ಮೇಲೆ ಬಾರ್‌ಕೋಡ್ ಕಡ್ಡಾಯ ಅಂತ ನಿಯಮ ತಂತು.

ಫಲ ಸಿಕ್ತಾ? 2010ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಅಧ್ಯಯನ ಹೊರಬಂತು. 14,041 ಸಲ ಔಷಧಿ ಕೊಡೋದನ್ನು ಪಕ್ಕದಲ್ಲಿ ನಿಂತು ಗಮನಿಸಿ ಮಾಡಿದ ಲೆಕ್ಕ ಅದು. ಬಾರ್‌ಕೋಡ್ ಇಲ್ಲದ ಕಡೆ ಸಮಯದ ಏರುಪೇರು ಬಿಟ್ಟು ಉಳಿದ ತಪ್ಪುಗಳು 11.5%. ಬಾರ್‌ಕೋಡ್ ಇದ್ದ ಕಡೆ 6.8%. ಅಂದ್ರೆ 41% ಇಳಿಕೆ. ಒಂದು ಕೈಪಟ್ಟಿ, ಒಂದು ಸ್ಕ್ಯಾನರಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ಆಡಿಟ್ ಓದಿದವರಿಗೆ ಗೊತ್ತು, ನಿಯಮ ಬಂದ ಕೂಡಲೇ ಅದನ್ನು ದಾಟೋ ಅಡ್ಡದಾರಿನೂ ಹುಟ್ಟುತ್ತೆ. 2008ರಲ್ಲಿ ರಾಸ್ ಕಾಪಲ್ ಮತ್ತು ಜೊತೆಗಾರರು ಐದು ಆಸ್ಪತ್ರೆ ನೋಡಿ ಇಂಥ 15 ಬಗೆಯ ಅಡ್ಡದಾರಿ ಪಟ್ಟಿ ಮಾಡಿದ್ರು. ರೋಗಿಯ ಕೋಡಿನ ಇನ್ನೊಂದು ಪ್ರತಿ ಪ್ರಿಂಟ್ ಹಾಕಿ ಬಾಗಿಲ ಚೌಕಟ್ಟಿಗೋ ಟ್ರಾಲಿಗೋ ಅಂಟಿಸಿ ಅಲ್ಲೇ ಸ್ಕ್ಯಾನ್ ಮಾಡೋದೂ ಅದರಲ್ಲಿ ಒಂದು. ಹಾಗೆ ಮಾಡಿದ್ರೆ ಕೋಡ್ ಸರಿ ಇರುತ್ತೆ, ಎದುರಿಗಿರೋ ರೋಗಿ ಸರಿಯೋ ಇಲ್ವೋ ಗೊತ್ತಾಗಲ್ಲ.

ಸೋಮಾರಿತನ ಅಂತ ಬೈಯೋಕೆ ಮುಂಚೆ ಅವರು ಕಂಡುಕೊಂಡ ಕಾರಣಗಳನ್ನೂ ನೋಡಿ. ಒದ್ದೆಯಾದ, ಹರಿದ, ಓದೋಕೆ ಬಾರದ ಕೈಪಟ್ಟಿ. ಬ್ಯಾಟರಿ ಮುಗಿದ ಸ್ಕ್ಯಾನರ್. ಸಿಗ್ನಲ್ ಸಿಗದ ರೂಮು. ಕೋಡೇ ಇಲ್ಲದ ಔಷಧಿ. ಕೋಡ್ ಹಾಳಾದ್ರೂ ಓದೋಕೆ ಆಗಬೇಕು ಅನ್ನೋ ಪ್ರಶ್ನೆಗೆ ಉತ್ತರ ಅಷ್ಟರಲ್ಲೇ ಬೇರೊಂದು ಕಡೆ ಸಿದ್ಧವಾಗಿತ್ತು. ಅದಕ್ಕೆ ನಾವು ಜಪಾನಿಗೆ, 1994ಕ್ಕೆ ಹೋಗಬೇಕು.

ಭಾಗ 5/9: ಊಟದ ಬಿಡುವಿನ ‘ಗೋ’ ಆಟ

ಜಪಾನಿನ ಡೆನ್ಸೊ ಟೊಯೋಟಾ ಬಳಗದ ಕಂಪನಿ, ಕಾರಿನ ಬಿಡಿಭಾಗ ಮಾಡುತ್ತೆ. ಅಲ್ಲಿ ಒಂದೊಂದು ಪೆಟ್ಟಿಗೆ ಮೇಲೆ ಹತ್ತರಷ್ಟು ಬಾರ್‌ಕೋಡ್ ಇರ್ತಿತ್ತು, ಯಾಕಂದ್ರೆ ಒಂದು ಬಾರ್‌ಕೋಡಲ್ಲಿ ಹಿಡಿಯೋದು ಇಪ್ಪತ್ತು ಅಕ್ಷರದಷ್ಟು ಮಾತ್ರ. ಕೆಲಸಗಾರರು ಒಂದಾದ ಮೇಲೆ ಒಂದು ಸ್ಕ್ಯಾನ್ ಮಾಡಿ ಸುಸ್ತಾಗ್ತಿದ್ರು. ಇದಕ್ಕೊಂದು ದಾರಿ ಹುಡುಕೋ ಕೆಲಸ ಎಂಜಿನಿಯರ್ ಮಸಾಹಿರೊ ಹಾರಾ ಕೈಗೆತ್ತಿಕೊಂಡ್ರು. ತಂಡದಲ್ಲಿದ್ದದ್ದು ಇಬ್ಬರೇ.

ಊಟದ ಬಿಡುವಿನಲ್ಲಿ ಹಾರಾ ‘ಗೋ’ ಆಡ್ತಿದ್ರು. ನಮ್ಮ ಹುಲಿ ಕುರಿ ಆಟದ ಥರ ಗೆರೆ ಹಾಕಿದ ಮಣೆ ಮೇಲೆ ಕಾಯಿ ಇಡೋ ಆಟ, ಕಾಯಿಗಳು ಕಪ್ಪು ಮತ್ತು ಬಿಳಿ. ಮಾಹಿತಿಯನ್ನು ಒಂದು ಸಾಲಲ್ಲಿ ಬರೆಯೋ ಬದಲು ಮಣೆಯ ಹಾಗೆ ಅಡ್ಡಕ್ಕೂ ಉದ್ದಕ್ಕೂ ತುಂಬಬಹುದಲ್ಲ ಅನ್ನೋ ಯೋಚನೆ ಅಲ್ಲಿಂದ ಬಂತು.

ಮೂರು ಮೂಲೆಯಲ್ಲಿ ದೊಡ್ಡ ಚೌಕ ಇರುತ್ತಲ್ಲ, ಅದು ಅಲಂಕಾರಕ್ಕಲ್ಲ. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಯಂತ್ರಕ್ಕೆ ತಿಳಿಸೋಕೆ. ಅಕ್ಕಪಕ್ಕ ಅಚ್ಚಾಗಿರೋ ಬೇರೆ ಚಿತ್ರ, ಅಕ್ಷರದ ಜೊತೆ ಗೊಂದಲ ಆಗಬಾರದು ಅಂತ ಪತ್ರಿಕೆ, ಕರಪತ್ರ, ರಟ್ಟಿನ ಡಬ್ಬಗಳ ಮುದ್ರಣ ಎಲ್ಲ ತಿರುವಿಹಾಕಿದ್ರು. ತೀರಾ ಅಪರೂಪಕ್ಕೆ ಕಾಣೋ ಕಪ್ಪು ಬಿಳುಪಿನ ಅನುಪಾತ 1:1:3:1:1 ಅಂತ ಗೊತ್ತಾಯ್ತು. ಆ ಚೌಕಗಳಲ್ಲಿರೋದು ಅದೇ.

ಇನ್ನು ಹರಿದ ಕೈಪಟ್ಟಿಯ ಪ್ರಶ್ನೆ. ಕಾರ್ಖಾನೆಯಲ್ಲಿ ಗ್ರೀಸ್, ಎಣ್ಣೆ ಮೆತ್ತಿಕೊಳ್ಳೋದು ಸಾಮಾನ್ಯ. ಅದಕ್ಕೆ 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ಕೊಟ್ಟ ವಿಧಾನ ಬಳಸಿದ್ರು. ಮಾಹಿತಿ ಜೊತೆಗೆ ಅದನ್ನು ಸರಿಪಡಿಸೋ ಹೆಚ್ಚುವರಿ ಮಾಹಿತಿಯೂ ಕೋಡಲ್ಲಿ ಇರುತ್ತೆ. ಅತಿ ಗಟ್ಟಿ ಮಟ್ಟದಲ್ಲಿ ಸುಮಾರು 30% ಹಾಳಾಗಿದ್ರೂ ಓದಬಹುದು. ಅಂಕಿಗಳಾದ್ರೆ 7,089 ಹಿಡಿಯುತ್ತೆ.

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಕಾಮರ್ಸಿನದು. ಪೇಟೆಂಟ್ ಇದ್ರೂ ಕಂಪನಿ ಬಳಸೋರ ಹತ್ರ ದುಡ್ಡು ಕೇಳಲಿಲ್ಲ. 2000ದಲ್ಲಿ ಐಎಸ್ಒ ಮಾನದಂಡವೂ ಆಯ್ತು. ಬೀದಿ ಬದಿ ಗಾಡಿಯಿಂದ ಆಸ್ಪತ್ರೆವರೆಗೆ ಎಲ್ಲರೂ ಪುಕ್ಕಟೆ ಬಳಸೋಕೆ ಆಗ್ತಿರೋದು ಅದರಿಂದ.

ಭಾಗ 6/9: ಚೌಕ ಕೆಂಪಾದಾಗ

2002ರಲ್ಲಿ ಜಪಾನಿನಲ್ಲಿ ಕ್ಯೂಆರ್ ಓದೋ ಮೊಬೈಲ್ ಬಂತು. 2017ರಲ್ಲಿ ಐಫೋನ್ ಕ್ಯಾಮೆರಾ ಬೇರೆ ಆ್ಯಪ್ ಇಲ್ಲದೇ ಕೋಡ್ ಓದೋಕೆ ಶುರುಮಾಡ್ತು. ಆಸ್ಪತ್ರೆಯ ಅಥವಾ ಕಾರ್ಖಾನೆಯ ಕೈಯಲ್ಲಿ ಮಾತ್ರ ಇದ್ದ ಸ್ಕ್ಯಾನರ್ ಎಲ್ಲರ ಜೇಬಿಗೆ ಬಂತು. ಮೂರು ವರ್ಷಕ್ಕೆ ಕೊರೊನಾನೂ ಬಂತು.

2020ರ ಫೆಬ್ರವರಿಯಲ್ಲಿ ಚೀನಾದ ಹಾಂಗ್‌ಝೌ ನಗರ ‘ಆರೋಗ್ಯ ಕೋಡ್’ ತಂತು. ಫೋನಿನಲ್ಲಿ ಒಂದು ಕ್ಯೂಆರ್, ಅದಕ್ಕೆ ಮೂರು ಬಣ್ಣ. ಹಸಿರಾದ್ರೆ ಓಡಾಡಬಹುದಿತ್ತು. ಹಳದಿ, ಕೆಂಪಾದ್ರೆ ಕ್ವಾರಂಟೈನ್. ಬೇಗನೇ ದೇಶವೆಲ್ಲ ಹರಡಿತು. ರೈಲು, ಮಾಲ್, ಆಫೀಸು, ಎಲ್ಲ ಕಡೆ ಇದನ್ನು ತೋರಿಸಬೇಕಿತ್ತು.

ಈಗ ಕಾಮರ್ಸ್ ವಿದ್ಯಾರ್ಥಿಗಳು ಸ್ವಲ್ಪ ಹುಷಾರಾಗಿ ಓದಿ. 2022ರ ಏಪ್ರಿಲ್‌ನಿಂದ ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳಲ್ಲಿ ಠೇವಣಿದಾರರ ಹಣ ಸಿಕ್ಕಿಹಾಕಿಕೊಂಡಿತ್ತು. ಜೂನ್‌ನಲ್ಲಿ ಅವರೆಲ್ಲ ಝೆಂಗ್‌ಝೌ ನಗರಕ್ಕೆ ಹೋಗಿ ನಮ್ಮ ದುಡ್ಡು ಕೊಡಿ ಅಂತ ಕೇಳೋಕೆ ಹೊರಟ್ರು. ಹೊರಟವರ ಕೋಡ್ ಇದ್ದಕ್ಕಿದ್ದಂತೆ ಕೆಂಪಾಯ್ತು. ಕಾಯಿಲೆ ಇರಲಿಲ್ಲ, ಕಾಯಿಲೆಯವರ ಸಂಪರ್ಕವೂ ಇರಲಿಲ್ಲ. ಗಲಾಟೆಯಾಗಿ ತನಿಖೆ ನಡೆದಾಗ 1,317 ಠೇವಣಿದಾರರಿಗೆ ಹೀಗೆ ಕೆಂಪು ಕೋಡ್ ಹಾಕಲಾಗಿತ್ತು ಅಂತ ಅಲ್ಲಿನ ಅಧಿಕಾರಿಗಳೇ ಒಪ್ಪಿಕೊಂಡ್ರು. ಐದು ಜನ ಅಧಿಕಾರಿಗಳಿಗೆ ಶಿಕ್ಷೆಯೂ ಆಯ್ತು.

ತಂತ್ರಜ್ಞಾನದಲ್ಲಿ ದೋಷ ಇರಲಿಲ್ಲ. ಕೋಡ್ ಸರಿಯಾಗೇ ಸ್ಕ್ಯಾನ್ ಆಗ್ತಿತ್ತು. ಬಣ್ಣ ಬದಲಿಸೋ ಅಧಿಕಾರ ಒಂದೇ ಕಡೆ ಇತ್ತು, ಯಾಕೆ ಬದಲಾಯ್ತು ಅಂತ ಕೇಳೋ ದಾರಿ ಕೋಡ್ ಹಿಡಿದವರಿಗೆ ಇರಲಿಲ್ಲ. ಆರೋಗ್ಯಕ್ಕಾಗಿ ಕೊಟ್ಟ ಮಾಹಿತಿ ಬ್ಯಾಂಕ್ ಮುಂದೆ ಜನ ಸೇರದ ಹಾಗೆ ತಡೆಯೋಕೆ ಬಳಕೆಯಾಯ್ತು.

ಭಾಗ 7/9: ಸಹಿ ಇರೋ ಚೌಕ

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಬೆಳೀತು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಲಸಿಕೆ ಅಭಿಯಾನ ಶುರುವಾಯ್ತು. ಲಸಿಕೆ ಹಾಕಿಸಿಕೊಂಡವರಿಗೆ ಕೋವಿನ್‌ನಿಂದ ಪ್ರಮಾಣಪತ್ರ, ಅದರಲ್ಲೊಂದು ಕ್ಯೂಆರ್. ಈ ಪ್ರಮಾಣಪತ್ರ ನಿಂತಿದ್ದು ಡಿವೋಕ್ ಅನ್ನೋ ಮುಕ್ತ ತಂತ್ರಾಂಶದ ಮೇಲೆ. ಅದನ್ನು ನೋಡಿಕೊಳ್ಳೋದು ನಮ್ಮ ಬೆಂಗಳೂರಿನ ಇಗವ್ ಫೌಂಡೇಶನ್. ಯುರೋಪಿನ ಡಿಜಿಟಲ್ ಕೋವಿಡ್ ಪ್ರಮಾಣಪತ್ರ 2021ರ ಜುಲೈ 1ರಿಂದ ಜಾರಿಗೆ ಬಂತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಯುರೋಪಿನ ವ್ಯವಸ್ಥೆಯನ್ನೇ ತನ್ನ ಜಾಗತಿಕ ಜಾಲಕ್ಕೆ ಆಧಾರ ಮಾಡಿಕೊಂಡಿತು.

ಇವೆರಡರಲ್ಲೂ ಇರೋದು ಡಿಜಿಟಲ್ ಸಹಿ. ಸುಲಭವಾಗಿ ಹೇಳ್ತೀನಿ. ಚೆಕ್ ಮೇಲೆ ಮೊತ್ತ ಬರೆದು ಸಹಿ ಮಾಡಿದ ಮೇಲೆ ಯಾರಾದ್ರೂ ಒಂದು ಸೊನ್ನೆ ಸೇರಿಸಿದ್ರೆ ಸಹಿ ಮಾತ್ರ ಹಾಗೇ ಇರುತ್ತೆ, ಮೋಸ ನಡೆಯಬಹುದು. ಡಿಜಿಟಲ್ ಸಹಿ ಹಾಗಲ್ಲ. ಒಳಗಿನ ಒಂದಕ್ಷರ ಬದಲಾದ್ರೂ ಸಹಿ ತಾಳೆ ಆಗಲ್ಲ. ಆದ್ದರಿಂದ ಪರೀಕ್ಷಿಸೋರು ‘ಇವರು ಯಾರು, ಎಲ್ಲಿಗೆ ಹೋಗ್ತಿದ್ದಾರೆ’ ಅಂತ ಪ್ರತಿ ಸಲ ಕೇಂದ್ರದ ಕಂಪ್ಯೂಟರನ್ನು ಕೇಳಬೇಕಾಗಿಲ್ಲ. ಪತ್ರ ನಮ್ಮ ಕೈಯಲ್ಲಿ, ಪ್ರಿಂಟ್ ಹಾಕಿಸಿದ ಕಾಗದದ ಮೇಲಿದ್ರೂ ನಡೆಯುತ್ತೆ.

ಹಾಗಂತ ಸಹಿ ಇದ್ದ ಮಾತ್ರಕ್ಕೆ ಗುಟ್ಟು ಅಂತಲ್ಲ. ಆಗ ನಾವೆಲ್ಲ ಏನು ನೋಡಿದ್ವಿ? ಸ್ಟೋರಿಯಲ್ಲಿ, ಸ್ಟೇಟಸ್ಸಲ್ಲಿ ಲಸಿಕೆ ಸರ್ಟಿಫಿಕೇಟ್ ಫೋಟೋಗಳ ಸಾಲು. 2021ರ ಮೇನಲ್ಲಿ ಕೇಂದ್ರ ಗೃಹ ಸಚಿವಾಲಯದ ‘ಸೈಬರ್ ದೋಸ್ತ್’ ಖಾತೆ, ಹೆಸರು ಮತ್ತಿತರ ವಿವರ ಇರೋ ಆ ಪತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ ಅಂತ ಎಚ್ಚರಿಸಬೇಕಾಯ್ತು. ನಮ್ಮ ಕಣ್ಣಿಗೆ ಚೌಕ ಅರ್ಥವಾಗಲ್ಲ, ಕ್ಯಾಮೆರಾಗೆ ಅರ್ಥವಾಗುತ್ತೆ. ಯಾವ ಕೋಡನ್ನಾದ್ರೂ ಪೋಸ್ಟ್ ಮಾಡೋ ಮುಂಚೆ ಇದೊಂದು ನೆನಪಿರಲಿ.

ಭಾಗ 8/9: ಈಗ ರೋಗಿಯ ಕೈಯಲ್ಲಿ ಸ್ಕ್ಯಾನರ್

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುವಾಯ್ತು. ಅದರ ಆಭಾ ಸಂಖ್ಯೆಗೆ 14 ಅಂಕಿ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ‘ಸ್ಕ್ಯಾನ್ ಅಂಡ್ ಶೇರ್’ ಬಂತು. ಈಗ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ.

ಹೇಗೆ ಅಂದ್ರೆ, ಓಪಿಡಿ ಗೋಡೆ ಮೇಲೆ ಆಸ್ಪತ್ರೆಯ ಕ್ಯೂಆರ್ ಇರುತ್ತೆ. ನೀವು ಆಭಾ ಆ್ಯಪಿನಿಂದ ಸ್ಕ್ಯಾನ್ ಮಾಡ್ತೀರಿ. ನಿಮ್ಮ ಹೆಸರು, ವಯಸ್ಸು, ಲಿಂಗ, ಫೋನ್ ನಂಬರ್, ಆಭಾ ಸಂಖ್ಯೆ ಇಂಥ ವಿವರ ಹಂಚಿಕೊಳ್ಳಲಾ ಅಂತ ಕೇಳುತ್ತೆ. ಹೂಂ ಅಂದ ಮೇಲೆ ಟೋಕನ್ ಬರುತ್ತೆ. ಹೆಸರು ಬರೆಸೋಕೆ ಉದ್ದ ಸಾಲಲ್ಲಿ ನಿಂತು, ಕಿಟಕಿಯಲ್ಲಿ ಕೂಗಿ ಕೂಗಿ ಹೇಳಿ, ಅದು ತಪ್ಪಾಗಿ ಟೈಪ್ ಆಗೋ ರಗಳೆ ಇಲ್ಲ. ಈ ಹಂತದಲ್ಲಿ ನಿಮ್ಮ ಕಾಯಿಲೆಯ ಚರಿತ್ರೆ ಹೋಗಲ್ಲ. ಹಳೇ ರೆಕಾರ್ಡ್ ಡಾಕ್ಟರ್ ನೋಡಬೇಕಾದ್ರೆ ಬೇರೆಯಾಗಿ ನಿಮ್ಮ ಒಪ್ಪಿಗೆ ಬೇಕು.

ಭಾಗ 3ರ ಜೊತೆ ಹೋಲಿಸಿ. ಅಲ್ಲಿ ಕೋಡ್ ರೋಗಿಯ ಕೈ ಮೇಲೆ, ಸ್ಕ್ಯಾನರ್ ನರ್ಸ್ ಕೈಯಲ್ಲಿ. ಝೆಂಗ್‌ಝೌನಲ್ಲಿ ಕೋಡ್ ಜನರದ್ದು, ಬಣ್ಣ ಸರ್ಕಾರದ್ದು. ಇಲ್ಲಿ ಕೋಡ್ ಆಸ್ಪತ್ರೆಯದು, ಸ್ಕ್ಯಾನ್ ಮಾಡೋದು ರೋಗಿ. ಎಪ್ಪತ್ತು ವರ್ಷದ ಕಥೆಯಲ್ಲಿ ಇದು ದೊಡ್ಡ ತಿರುವು ಅಂತ ನನ್ನ ಅನಿಸಿಕೆ.

ಆದ್ರೆ ಎರಡು ಮಾತು ಸೇರಿಸಲೇಬೇಕು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ, ಹಳ್ಳಿಯಿಂದ ಬಂದ ಕೂಲಿ ಕೆಲಸದವರಿಗೆ ಹಳೇ ಕೌಂಟರ್ ತೆರೆದಿರಲೇಬೇಕು. ಇನ್ನೊಂದು, ಓದದೇ ‘ಒಪ್ಪಿಗೆ’ ಒತ್ತೋದು ಒಪ್ಪಿಗೆಯೇ ಅಲ್ಲ. ಆ್ಯಪಿನ ಷರತ್ತನ್ನು ನಾವೇ ಓದಲ್ಲ, ಜ್ವರದಲ್ಲಿ ನಿಂತವರು ಓದ್ತಾರಾ?

ಭಾಗ 9/9: ಮಾತ್ರೆ ಸ್ಟ್ರಿಪ್ ಹೇಳೋದೆಷ್ಟು, ಹೇಳದ್ದೆಷ್ಟು

2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಹೆಚ್ಚು ಮಾರಾಟವಾಗೋ 300 ಔಷಧಿ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯ ಮಾಡಿತು. 2023ರ ಆಗಸ್ಟ್ 1ರಿಂದ ಜಾರಿ. ಬೆಂಗಳೂರಿನ ಮೈಕ್ರೊ ಲ್ಯಾಬ್ಸ್ ಕಂಪನಿಯ ಡೋಲೊ ಕೂಡ ಆ ಪಟ್ಟಿಯಲ್ಲಿದೆ.

ಉದ್ದೇಶ ನಕಲಿ ಔಷಧಿ ಹಿಡಿಯೋದು. ಕೋಡಲ್ಲಿ ಎಂಟು ವಿಷಯ ಇರಬೇಕು: ಉತ್ಪನ್ನದ ಗುರುತಿನ ಸಂಖ್ಯೆ, ಔಷಧಿಯ ಮೂಲ ಹೆಸರು, ಬ್ರ್ಯಾಂಡ್ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, ಅವಧಿ ಮುಗಿಯೋ ದಿನಾಂಕ, ಲೈಸೆನ್ಸ್ ನಂಬರ್.

ಪಟ್ಟಿ ಇನ್ನೊಂದ್ಸಲ ಓದಿ. ಸ್ಟಾಕ್ ರಿಜಿಸ್ಟರ್ ಥರ ಇದೆ, ಅಲ್ವಾ? ಇನ್‌ಸ್ಪೆಕ್ಟರಿಗೆ, ಅಂಗಡಿಯವರಿಗೆ ಬೇಕಾದದ್ದೆಲ್ಲ ಇದೆ. ಊಟಕ್ಕೆ ಮುಂಚೆ ನುಂಗಬೇಕಾ ಆಮೇಲಾ, ಬಿಪಿ ಮಾತ್ರೆ ಜೊತೆ ತಗೋಬಹುದಾ, ಒಂದು ಹೊತ್ತು ತಪ್ಪಿದ್ರೆ ಏನು ಮಾಡಬೇಕು, ಮೈ ತುರಿಸಿದ್ರೆ ಏನು ಅರ್ಥ? ಈ ಎಂಟರಲ್ಲಿ ಅದ್ಯಾವುದೂ ಇಲ್ಲ. ಕನ್ನಡದಲ್ಲಿರಬೇಕು ಅಂತಲೂ ಇಲ್ಲ. ಏಳು ಸಾವಿರ ಅಂಕಿ ಹಿಡಿಯೋ ಚೌಕದಲ್ಲಿ ಜಾಗಕ್ಕೇನೂ ಬರ ಇಲ್ಲ. ನಾಳೆ ಇಂಥ ಕೋಡ್ ರೂಪಿಸೋ, ಅದಕ್ಕೆ ಬಜೆಟ್ ಹಾಕೋ, ಅದನ್ನು ಆಡಿಟ್ ಮಾಡೋ ಕುರ್ಚಿಯಲ್ಲಿ ನಮ್ಮಲ್ಲೇ ಯಾರಾದ್ರೂ ಕೂತಿರ್ತಾರೆ. ಅವತ್ತು ಇದನ್ನು ಕೇಳಿ.

ಅಲ್ಲಿವರೆಗೆ ಇವತ್ತೇ ಮಾಡಬಹುದಾದ ಮೂರು ಕೆಲಸ.

ಒಂದು, ಮನೆಯ ಮಾತ್ರೆ ಸ್ಟ್ರಿಪ್ ಮೇಲೆ ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಬ್ಯಾಚ್ ನಂಬರ್, ದಿನಾಂಕ ಪ್ಯಾಕ್ ಮೇಲಿನದಕ್ಕೆ ತಾಳೆ ನೋಡಿ. ತಾಳೆ ಆಗದಿದ್ರೆ ನುಂಗಬೇಡಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ.

ಎರಡು, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡೋ ಮುಂಚೆ ಅದು ಆಸ್ಪತ್ರೆಯವರೇ ಹಾಕಿದ ಬೋರ್ಡಾ ಅಥವಾ ಮೇಲೆ ಯಾರೋ ಅಂಟಿಸಿದ ಸ್ಟಿಕ್ಕರಾ ನೋಡಿ. ಯಾವ ವಿವರ ಹೋಗ್ತಿದೆ ಅಂತ ಓದಿ ಆಮೇಲೆ ಒತ್ತಿ.

ಮೂರು, ಮನೆಯ ಹಿರಿಯರ ಹೆಸರು, ಕಾಯಿಲೆ, ದಿನದ ಮಾತ್ರೆ, ಅಲರ್ಜಿ, ನಿಮ್ಮ ಫೋನ್ ನಂಬರ್, ಇಷ್ಟನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಯಾವ ಡಾಕ್ಟರ್ ಬೇಕಾದ್ರೂ ಓದಬಹುದು.

ಸೇವ್ ಮಾಡ್ಕೊಳ್ಳಿ, ನರ್ಸಿಂಗ್, ಫಾರ್ಮಸಿ ಓದೋ ಫ್ರೆಂಡ್ಸಿಗೆ ಕಳಿಸಿ. ನಿಮ್ಮೂರಿನ ಆಸ್ಪತ್ರೆಯಲ್ಲಿ ಈ ಚೌಕ ಬಂದಿದೆಯಾ, ಅದನ್ನು ನಿಜವಾಗಿ ಬಳಸ್ತಿರೋದು ಯಾರು ಅಂತ ಕಾಮೆಂಟಲ್ಲಿ ಬರೀರಿ.

#ಕನ್ನಡ #ಇತಿಹಾಸ #ಕ್ಯೂಆರ್‌ಕೋಡ್ #ಆರೋಗ್ಯ